ನಂಬರ್ ಒಂದಿದ್ದರೆ ಖಾತೆ ಸಿಗುತ್ತದೆಯೇ?

2013ರಲ್ಲಿ ಅಮೆರಿಕದ ಹಲವು ತನಿಖಾ ಸಂಸ್ಥೆಗಳು ಒಬ್ಬನೇ ವ್ಯಕ್ತಿಯ ಬೆನ್ನು ಹತ್ತಿದ್ದವು. ‘ಸಿಲ್ಕ್ ರೋಡ್’ ಎಂಬ ಗುಪ್ತ ಜಾಲತಾಣ ಕಟ್ಟಿಕೊಂಡು ಮಾದಕವಸ್ತುಗಳ ಸಂತೆಯನ್ನೇ ನಡೆಸುತ್ತಿದ್ದವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗುರುತು ಮುಚ್ಚಿಡುವ ಟಾರ್ ಜಾಲ, ಬಿಟ್‌ಕಾಯಿನ್ ಪಾವತಿ ಹೀಗೆ ಆತ ವಹಿಸದ ಎಚ್ಚರವಿರಲಿಲ್ಲ. ಆದರೂ ಅವನ ಹೆಸರನ್ನು ಪತ್ತೆ ಹಚ್ಚಿದವರು ಗ್ಯಾರಿ ಆಲ್ಫರ್ಡ್ ಎಂಬ ತೆರಿಗೆ ಇಲಾಖೆಯ ಅಧಿಕಾರಿ. ಅವರು ಬಳಸಿದ್ದು ಎಲ್ಲರ ಕೈಗೂ ಸಿಗುವ ಗೂಗಲ್. ಸಿಲ್ಕ್ ರೋಡ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗಿಂತ ಮೊದಲು ಬರೆದವರು ಯಾರು ಎಂದು ದಿನಾಂಕ ಹಾಕಿ ಹುಡುಕಿದರು. 2011ರ ಜನವರಿಯ ಒಂದು ಬರಹ ಸಿಕ್ಕಿತು. ಬರೆದವನ ಯೂಸರ್‌ನೇಮ್ ‘ಆಲ್ಟಾಯ್ಡ್’. ಅದೇ ಹೆಸರಿನಲ್ಲಿ ಇವನು ಬೇರೆಲ್ಲಿ ಬರೆದಿದ್ದಾನೆ ಎಂದು ಕೆದಕಿದಾಗ, ಬಿಟ್‌ಕಾಯಿನ್ ಬಲ್ಲ ತಂತ್ರಜ್ಞ ಬೇಕಾಗಿದ್ದಾನೆ ಎಂಬ ಅದೇ ವರ್ಷದ ಅಕ್ಟೋಬರ್‌ನ ಪ್ರಕಟಣೆ ಕಣ್ಣಿಗೆ ಬಿತ್ತು. ಅದರಲ್ಲಿ ಸಂಪರ್ಕಕ್ಕೆ ಕೊಟ್ಟಿದ್ದ ಇಮೇಲ್ ವಿಳಾಸದಲ್ಲಿ ರಾಸ್ ಉಲ್ಬ್ರಿಕ್ಟ್ ಎಂಬ ಪೂರ್ತಿ ಹೆಸರೇ ಇತ್ತು. 2013ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರಂಥಾಲಯವೊಂದರಲ್ಲಿ ಅವನನ್ನು ಬಂಧಿಸಲಾಯಿತು. 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಹತ್ತು ವರ್ಷದ ಬಳಿಕ ಅಧ್ಯಕ್ಷ ಟ್ರಂಪ್ ಅವನಿಗೆ ಕ್ಷಮಾದಾನ ಕೊಟ್ಟರು.

ಎರಡು ಕಡೆ ಒಂದೇ ಹೆಸರು ಬಳಸಿದ್ದು ಅವನಿಗೆ ಮುಳುವಾಯಿತು. ಅಂದು ಅಧಿಕಾರಿಯೊಬ್ಬರು ಕೈಯಾರೆ ಮಾಡಿದ ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡಿಕೊಡುತ್ತೇವೆ ಎನ್ನುವ ತಾಣಗಳು, ಆ್ಯಪ್‌ಗಳು ಇಂದು ನೂರಾರಿವೆ. ಅವಕ್ಕೆ ‘ರಿವರ್ಸ್ ಲುಕಪ್’ ಎಂದು ಹೆಸರು. ಹಳೆಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಹಿಡಿದು ನಂಬರ್ ಹುಡುಕುತ್ತಿದ್ದೆವು. ಇಲ್ಲಿ ಹುಡುಕಾಟ ತಿರುಗುಮುರುಗು. ಫೋನ್ ನಂಬರ್, ಇಮೇಲ್, ಫೋಟೋ ಅಥವಾ ಯೂಸರ್‌ನೇಮ್ ಕೊಟ್ಟರೆ ಅದರ ಹಿಂದಿರುವ ಮನುಷ್ಯನನ್ನೂ ಆತನ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನೂ ತೋರಿಸುತ್ತೇವೆ ಎಂಬುದು ಅವುಗಳ ಭರವಸೆ. ಮಗಳಿಗೆ ಬಂದ ಸಂಬಂಧದ ಹುಡುಗ ಹೇಳಿದ್ದೆಲ್ಲ ನಿಜವೇ ಎಂದು ನೋಡಬೇಕಾದ ತಂದೆ, ಹಳೆಯ ಸೋಫಾ ಮಾರಲು ಹೊರಟಾಗ ‘ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ’ ಎನ್ನುವವನ ಮೇಲೆ ಅನುಮಾನ ಬಂದ ಗೃಹಿಣಿ, ಹೈಸ್ಕೂಲಿನ ಗೆಳೆಯನನ್ನು ಹುಡುಕುತ್ತಿರುವ ನಿವೃತ್ತ ಮೇಷ್ಟ್ರು, ಎಲ್ಲರಿಗೂ ಇದು ಬೇಕು. ದುರುದ್ದೇಶದಿಂದ ಹುಡುಗಿಯೊಬ್ಬಳ ಬೆನ್ನು ಬಿದ್ದವನಿಗೂ ಇದೇ ಬೇಕು. ಹಾಗಾಗಿ ಇವು ನಿಜಕ್ಕೂ ಎಷ್ಟು ಹುಡುಕಿಕೊಡುತ್ತವೆ ಎಂಬುದನ್ನು ಎಲ್ಲರೂ ತಿಳಿದಿರಬೇಕು.

ಒಂದು ಕಾಲದಲ್ಲಿ ಇದಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ. ಫೇಸ್‌ಬುಕ್‌ನ ಹುಡುಕಾಟದ ಪಟ್ಟಿಯಲ್ಲಿ ಫೋನ್ ನಂಬರ್ ಒತ್ತಿದರೆ ಸಾಕು, ಆ ನಂಬರಿನವರ ಪುಟವೇ ತೆರೆದುಕೊಳ್ಳುತ್ತಿತ್ತು. ಬಳಕೆದಾರರ ಮಾಹಿತಿಯ ದುರ್ಬಳಕೆಯ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ ಹೊರಬಿದ್ದ ಮೇಲೆ, 2018ರ ಏಪ್ರಿಲ್‌ನಲ್ಲಿ ಕಂಪನಿ ಈ ಸೌಲಭ್ಯವನ್ನು ಮುಚ್ಚಿತು. ಅದನ್ನು ಬಳಸಿಕೊಂಡು ಬಹುಪಾಲು ಬಳಕೆದಾರರ ಸಾರ್ವಜನಿಕ ಮಾಹಿತಿಯನ್ನು ಯಾರೋ ಬಾಚಿಕೊಂಡಿರಬಹುದು ಎಂದು ಆಗ ಕಂಪನಿಯೇ ಒಪ್ಪಿಕೊಂಡಿತು.

ಮುಂಬಾಗಿಲು ಮುಚ್ಚಿದರೂ ಹಿತ್ತಿಲ ಬಾಗಿಲು ತೆರೆದೇ ಇತ್ತು. ‘ನಿಮ್ಮ ಫೋನ್‌ಬುಕ್‌ನಲ್ಲಿರುವ ಸ್ನೇಹಿತರು ಯಾರ್‍ಯಾರು ಇಲ್ಲಿದ್ದಾರೆ ನೋಡೋಣವೇ?’ ಎಂದು ಪ್ರತಿ ಆ್ಯಪ್ ಕೇಳುತ್ತದೆಯಲ್ಲ, ಅದೇ ಆ ಬಾಗಿಲು. ಅನುಮತಿ ಕೊಟ್ಟ ತಕ್ಷಣ ಫೋನಿನಲ್ಲಿರುವ ನಂಬರ್‌ಗಳೆಲ್ಲ ಕಂಪನಿಯ ಸರ್ವರ್‌ಗೆ ಹೋಗುತ್ತವೆ, ಯಾವ ನಂಬರಿಗೆ ಯಾವ ಖಾತೆ ಎಂಬ ಉತ್ತರ ಮರಳಿ ಬರುತ್ತದೆ. ಫೋನ್‌ಬುಕ್‌ನಲ್ಲಿ ಇರುವುದು ನಿಜವಾದ ಸ್ನೇಹಿತರೋ, ಕಂಪ್ಯೂಟರ್ ಹುಟ್ಟಿಸಿದ ಲಕ್ಷಾಂತರ ನಂಬರ್‌ಗಳೋ ಎಂದು ಆಗ ಕೇಳುವವರಿರಲಿಲ್ಲ. 2019ರಲ್ಲಿ ಭದ್ರತಾ ಸಂಶೋಧಕ ಇಬ್ರಾಹಿಂ ಬಾಲಿಕ್ ಟ್ವಿಟರ್‌ನ ಆಂಡ್ರಾಯ್ಡ್ ಆ್ಯಪ್‌ಗೆ ಹೀಗೆ ಹುಟ್ಟಿಸಿದ ನಂಬರ್‌ಗಳನ್ನು ಉಣಿಸಿ 1.7 ಕೋಟಿ ನಂಬರ್‌ಗಳಿಗೆ ಖಾತೆಗಳನ್ನು ಜೋಡಿಸಿ ತೋರಿಸಿದರು. ಫೇಸ್‌ಬುಕ್‌ನಲ್ಲೂ ಇದೇ ದಾರಿಯಲ್ಲಿ ಸೋರಿಕೆಯಾಗಿತ್ತು. 2021ರ ಏಪ್ರಿಲ್‌ನಲ್ಲಿ 106 ದೇಶಗಳ 53.3 ಕೋಟಿ ಬಳಕೆದಾರರ ಫೋನ್ ನಂಬರ್, ಹೆಸರು, ಖಾತೆಯ ಗುರುತು ಹ್ಯಾಕರ್‌ಗಳ ಅಡ್ಡೆಯಲ್ಲಿ ಬಿಟ್ಟಿಯಾಗಿ ಬಂದು ಬಿದ್ದವು. ಅದರಲ್ಲಿ ಭಾರತೀಯರು ಸುಮಾರು 60 ಲಕ್ಷ. ಇದಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ ಕಂಪನಿಗೆ 26.5 ಕೋಟಿ ಯೂರೋ ದಂಡ ಹಾಕಿತು. ದಂಡ ಬಿದ್ದರೂ ಸೋರಿದ ಪಟ್ಟಿ ವಾಪಸ್ ಬರಲಿಲ್ಲ. ಇಂಥ ಪಟ್ಟಿಗಳು ಕೈಯಿಂದ ಕೈಗೆ ದಾಟುತ್ತವೆ. ಅವುಗಳ ಮೇಲೊಂದು ಹುಡುಕಾಟದ ಪೆಟ್ಟಿಗೆ ಕೂರಿಸಿದರೆ ರಿವರ್ಸ್ ಲುಕಪ್ ಸಿದ್ಧ.

ನಮ್ಮಲ್ಲಿಯೇ 2023ರ ಜೂನ್‌ನಲ್ಲಿ ಇಂಥದ್ದೊಂದು ನಡೆಯಿತು. ಟೆಲಿಗ್ರಾಂನಲ್ಲಿ ಪ್ರತ್ಯಕ್ಷವಾದ ಒಂದು ಬಾಟ್‌ಗೆ ಯಾರದೇ ಮೊಬೈಲ್ ನಂಬರ್ ಕಳಿಸಿದರೆ ಆ ವ್ಯಕ್ತಿಯ ಹೆಸರು, ಕೋವಿಡ್ ಲಸಿಕೆ ಪಡೆಯುವಾಗ ತೋರಿಸಿದ್ದ ಗುರುತಿನ ಚೀಟಿಯ ಸಂಖ್ಯೆ, ಲಸಿಕೆ ಹಾಕಿಸಿಕೊಂಡ ಜಾಗ ಎಲ್ಲವನ್ನೂ ಕಕ್ಕುತ್ತಿತ್ತು. ಲಸಿಕೆ ನೋಂದಣಿಯ ಕೋವಿನ್ ತಾಣಕ್ಕೆ ನೇರವಾಗಿ ಕನ್ನ ಬಿದ್ದಿಲ್ಲ ಎಂದಿತು ಕೇಂದ್ರ ಸರ್ಕಾರ. ಬಾಟ್ ಕೆಲವೇ ದಿನಗಳಲ್ಲಿ ಮಾಯವಾಯಿತು, ಪ್ರಕರಣದಲ್ಲಿ ಬಿಹಾರದಲ್ಲಿ ಬಂಧನವೂ ಆಯಿತು. ಆದರೆ ಫೋನ್ ನಂಬರ್ ಎಂಬ ಒಂದೇ ಎಳೆ ಹಿಡಿದು ಒಬ್ಬರ ಬದುಕಿನ ಎಷ್ಟು ಸಂಗತಿಗಳನ್ನು ಎಳೆದು ಹಾಕಬಹುದು ಎಂಬುದು ಸಾಮಾನ್ಯ ಜನರಿಗೆ ಮನದಟ್ಟಾದದ್ದು ಆಗ.

ಭಾರತದಲ್ಲಿ ನಂಬರ್‌ಗೆ ಇಷ್ಟು ಬೆಲೆ ಬರಲು ಕಾರಣವಿದೆ. ಬ್ಯಾಂಕ್, ಗ್ಯಾಸ್ ಸಿಲಿಂಡರ್, ಪಡಿತರ ಚೀಟಿ, ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಮಾಲ್‌ನ ಬಿಲ್ ಕೌಂಟರ್ ಹೀಗೆ ಎಲ್ಲೆಡೆ ಒಂದೇ ನಂಬರ್ ಕೊಟ್ಟಿರುತ್ತೇವೆ. ಯುಪಿಐ ಆ್ಯಪ್ ತೆರೆದು ಯುಪಿಐಗೆ ಜೋಡಿಸಿದ ಯಾವುದೇ ಅಪರಿಚಿತ ನಂಬರ್ ಒತ್ತಿ ನೋಡಿದರೆ ಒಂದು ರೂಪಾಯಿ ಕಳಿಸುವ ಮೊದಲೇ ಹೆಸರು ಕಾಣುತ್ತದೆ. ಹಣ ತಪ್ಪು ಕೈಗೆ ಹೋಗದಿರಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಆದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಸಿಕ್ಕ ಮೇಲೆ ಅದನ್ನು ಫೇಸ್‌ಬುಕ್‌ನಲ್ಲಿ ಹಾಕಿ ಊರು, ಕಾಲೇಜು ತಾಳೆ ನೋಡಲು ಯಾರಿಗೂ ವಿಶೇಷ ವಿದ್ಯೆ ಬೇಡ. 2017ರಲ್ಲಿ ಉತ್ತರ ಪ್ರದೇಶದ ರೀಚಾರ್ಜ್ ಅಂಗಡಿಗಳಲ್ಲಿ ಯುವತಿಯರ ನಂಬರ್‌ಗಳನ್ನು 50 ರೂಪಾಯಿಯಿಂದ 500 ರೂಪಾಯಿಯವರೆಗೆ ಮಾರುತ್ತಿದ್ದ ದಂಧೆ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಹೆಣ್ಣುಮಕ್ಕಳು ಮಾಡಿದ್ದು ಕರೆನ್ಸಿ ಹಾಕಿಸಿಕೊಂಡದ್ದು ಮಾತ್ರ.

ಇನ್ನು ಟ್ರೂಕಾಲರ್. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅಲನ್ ಮಾಮೆದಿ, ನಾಮಿ ಜಾರ್ರಿಂಗಲಮ್ ಎಂಬಿಬ್ಬರು ಆರಂಭಿಸಿದ ಈ ಸೇವೆಗೆ ಇಂದು ಅತಿ ದೊಡ್ಡ ಮಾರುಕಟ್ಟೆ ಭಾರತ. ಅದರ ಹೆಸರುಗಳ ಭಂಡಾರ ಬಹುಮಟ್ಟಿಗೆ ಬೆಳೆದದ್ದು ಬಳಕೆದಾರರು ಹಂಚಿಕೊಂಡ ಫೋನ್‌ಬುಕ್‌ಗಳಿಂದ, ಅವರೇ ಸೂಚಿಸಿದ ಹೆಸರುಗಳಿಂದ. ಆದ್ದರಿಂದ ಅಲ್ಲಿ ಕಾಣುವ ಹೆಸರು ಎಷ್ಟೋ ಸಲ ಆ ವ್ಯಕ್ತಿ ಇಟ್ಟುಕೊಂಡದ್ದಲ್ಲ, ಇತರರು ಇಟ್ಟದ್ದು. ‘ಬೋರ್‌ವೆಲ್ ಮಂಜಣ್ಣ’, ‘ಹಾಲಿನವರು’, ‘ರಮೇಶ್ ಆಟೋ ಸ್ಟ್ಯಾಂಡ್’ ಎಂದೆಲ್ಲ ಪರದೆಯ ಮೇಲೆ ಮೂಡುವುದು ಈ ಕಾರಣಕ್ಕೆ. ಟ್ರೂಕಾಲರ್ ಹೆಸರೇ ಕೇಳದ ಅಜ್ಜಿಯ ನಂಬರೂ ಮೊಮ್ಮಗನ ಗೆಳೆಯನ ಫೋನ್‌ನಿಂದ ಅಲ್ಲಿಗೆ ಸೇರಿರಬಹುದು. ಹೀಗೆ ನಮ್ಮ ಗುಟ್ಟು ನಮ್ಮ ಕೈಯಲ್ಲಷ್ಟೇ ಇಲ್ಲ. ನಮ್ಮ ನಂಬರ್ ಉಳಿಸಿಕೊಂಡ ಪ್ರತಿಯೊಬ್ಬರ ಕೈಯಲ್ಲೂ ಇದೆ.

ವಾಟ್ಸ್‌ಆ್ಯಪ್ ಕೂಡ ಇದಕ್ಕೆ ಹೊರತಲ್ಲ. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಗಂಟೆಗೆ 10 ಕೋಟಿಗೂ ಹೆಚ್ಚು ನಂಬರ್‌ಗಳನ್ನು ಪರೀಕ್ಷಿಸಿ, ಜಗತ್ತಿನಾದ್ಯಂತ 350 ಕೋಟಿ ವಾಟ್ಸ್‌ಆ್ಯಪ್ ಖಾತೆಗಳನ್ನು ಗುರುತಿಸಿದ್ದನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಆ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಪ್ರೊಫೈಲ್ ಫೋಟೋವನ್ನು ಯಾರು ಬೇಕಾದರೂ ನೋಡುವಂತೆ ಬಿಟ್ಟಿದ್ದರು. ಸಂಶೋಧಕರು ಎಚ್ಚರಿಸಿದ ಮೇಲೆ ಮೆಟಾ ಕಂಪನಿ ಹೀಗೆ ಸಾಲುಸಾಲಾಗಿ ನಂಬರ್ ಹಾಕುವುದಕ್ಕೆ ಮಿತಿ ಹೇರಿತು.

ಫೋಟೋ ಒಂದು ಸಿಕ್ಕರೆ ಹುಡುಕಾಟ ಬೇರೆಯೇ ಹಾದಿ ಹಿಡಿಯುತ್ತದೆ. ಕೆನಡಾದ ಟಿನ್‌ಐ 2008ರಲ್ಲಿ, ಗೂಗಲ್ 2011ರಲ್ಲಿ ಆರಂಭಿಸಿದ ಚಿತ್ರಶೋಧ ಮೂಲತಃ ‘ಇದೇ ಚಿತ್ರ ಇನ್ನೆಲ್ಲಿದೆ’ ಎಂದಷ್ಟೇ ಹೇಳುತ್ತಿತ್ತು. ವಧೂವರರ ತಾಣದಲ್ಲಿ ‘ಲಂಡನ್‌ನಲ್ಲಿ ಡಾಕ್ಟರ್’ ಎಂದು ಹೇಳಿಕೊಂಡವನ ಚಿತ್ರ ಯಾವುದೋ ದೇಶದ ರೂಪದರ್ಶಿಯದ್ದು ಎಂದು ಕಂಡುಹಿಡಿಯಲು ಇಷ್ಟೇ ಸಾಕು. ಹುಡುಗಿಯ ಮನೆಯವರು ಖಂಡಿತ ಮಾಡಬೇಕಾದ ಕೆಲಸ ಇದು. ಆದರೆ ಮುಖವನ್ನೇ ಗುರುತಿಸುವ ಉಪಕರಣಗಳು ಇನ್ನೊಂದು ಬಗೆಯವು. ಅವುಗಳಿಗೆ ಇಂಟರ್ನೆಟ್‌ನಲ್ಲಿಲ್ಲದ, ಈಗಷ್ಟೇ ತೆಗೆದ ಫೋಟೋ ಕೊಟ್ಟರೂ ಸಾಕು, ಅದೇ ಮುಖದ ಬೇರೆ ಚಿತ್ರಗಳನ್ನು ಹೆಕ್ಕಿ ತರುತ್ತವೆ. 2016ರಲ್ಲಿ ರಷ್ಯಾದ ಛಾಯಾಗ್ರಾಹಕ ಯೆಗೋರ್ ಟ್ಸ್ವೆಟ್ಕೋವ್ ಸೇಂಟ್ ಪೀಟರ್ಸ್‌ಬರ್ಗ್‌ನ ಮೆಟ್ರೋದಲ್ಲಿ ಎದುರು ಕೂತ ಅಪರಿಚಿತರ ಚಿತ್ರ ತೆಗೆದು, ಫೈಂಡ್‌ಫೇಸ್ ಎಂಬ ಸೇವೆಯ ಮೂಲಕ ಅವರಲ್ಲಿ ಬಹುಪಾಲು ಜನರ ಸಾಮಾಜಿಕ ಜಾಲತಾಣದ ಪುಟಗಳನ್ನು ಕಂಡುಹಿಡಿದು ಜೋಡಿಯಾಗಿ ಪ್ರದರ್ಶಿಸಿದರು. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಕ್ಯಾಮೆರಾ ಅಡಗಿಸಿಕೊಂಡ ಕನ್ನಡಕ ತೊಟ್ಟು, ಪಿಮ್‌ಐಸ್ ಎಂಬ ಮುಖಶೋಧ ತಾಣವನ್ನು ಅದಕ್ಕೆ ಜೋಡಿಸಿ, ದಾರಿಯಲ್ಲಿ ಸಿಕ್ಕವರನ್ನು ಹೆಸರು ಹಿಡಿದು ಮಾತಾಡಿಸಿದ ವಿಡಿಯೊ ಜಗತ್ತನ್ನೇ ಬೆಚ್ಚಿಬೀಳಿಸಿತು. ಅಪಾಯ ತೋರಿಸುವುದಷ್ಟೇ ಉದ್ದೇಶ ಎಂದ ಆ ಹುಡುಗರು ತಮ್ಮ ಪ್ರೋಗ್ರಾಂ ಅನ್ನು ಯಾರಿಗೂ ಕೊಡಲಿಲ್ಲ. ಅವರು ಬಳಸಿದ ಬಿಡಿ ಭಾಗಗಳು ಮಾತ್ರ ಎಲ್ಲರಿಗೂ ಸಿಗುವಂಥವೇ.

ಇಮೇಲ್ ಕೊಟ್ಟು ಹುಡುಕುವ ಹಲವು ಉಪಕರಣಗಳು ಬಳಸುವುದು ‘ಪಾಸ್‌ವರ್ಡ್ ಮರೆತಿರಾ?’ ಎಂಬ ಪುಟವನ್ನು. ಅಲ್ಲಿ ಇಮೇಲ್ ಹಾಕಿದಾಗ ‘ಇಂಥ ಖಾತೆ ಇಲ್ಲ’ ಎಂಬ ಉತ್ತರವೂ ಒಂದು ಸುಳಿವೇ. ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ತಾಣಗಳಿಗೆ ಒಮ್ಮೆಲೇ ಕೇಳುವ ಉಚಿತ ಪ್ರೋಗ್ರಾಂಗಳಿವೆ. ಟ್ವಿಟರ್‌ನಲ್ಲಿ 2021ರ ಜೂನ್‌ನ ಒಂದು ಬದಲಾವಣೆಯಿಂದಾದ ದೋಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಮೇಲ್ ಹಾಕಿದರೆ ಅದು ಯಾವ ಖಾತೆಯದ್ದು ಎಂದೇ ಹೇಳಿಬಿಡುತ್ತಿತ್ತು. ದೋಷ ಸರಿಪಡಿಸುವಷ್ಟರಲ್ಲಿ ಬಾಚಿಕೊಂಡಿದ್ದ 54 ಲಕ್ಷ ಖಾತೆಗಳ ವಿವರ ಆಮೇಲೆ ಮಾರಾಟಕ್ಕೆ ಬಂತು. ಹೆಸರು ಮುಚ್ಚಿಟ್ಟು ಸರ್ಕಾರಗಳನ್ನು ಪ್ರಶ್ನಿಸುತ್ತಿದ್ದವರಿಗೆ ಇದು ಎಂಥ ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಉಪಕರಣ ಹೇಳಿದ್ದೆಲ್ಲ ನಿಜವೇ? ಇಲ್ಲಿ ಜನ ಎಡವುತ್ತಾರೆ. ಯೂಸರ್‌ನೇಮ್ ಹುಡುಕುವ ‘ಶೆರ್ಲಾಕ್’ ಎಂಬ ಉಚಿತ ಪ್ರೋಗ್ರಾಂ ನೂರಾರು ತಾಣಗಳಲ್ಲಿ ಆ ಹೆಸರಿನ ಪುಟ ತೆರೆದುಕೊಳ್ಳುತ್ತದೆಯೇ ಎಂದು ತಟ್ಟಿ ನೋಡುತ್ತದೆ. ತೆರೆದುಕೊಂಡರೆ ‘ಸಿಕ್ಕಿತು’ ಎನ್ನುತ್ತದೆ. ಸಿಕ್ಕಿದ್ದು ಹೆಸರು, ಮನುಷ್ಯನಲ್ಲ. ‘ಮಂಜು123’ ಎಂದು ಹುಡುಕಿದರೆ ಮಂಡ್ಯದ ಮಂಜುನಾಥ, ಧಾರವಾಡದ ಮಂಜುಳಾ, ಕೇರಳದ ಮಂಜು ಎಲ್ಲರೂ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಹೆಸರು ವಿಚಿತ್ರವಾಗಿದ್ದಷ್ಟೂ ಗುರಿ ಖಚಿತ. ಒಂದು ಯೂಸರ್‌ನೇಮ್ ಎಷ್ಟು ಅಪರೂಪದ್ದು ಎಂಬುದರ ಮೇಲೆ ಅದರಿಂದ ಒಬ್ಬ ವ್ಯಕ್ತಿಯನ್ನು ಗುರುತಿಸುವ ಸಾಧ್ಯತೆಯನ್ನು ಲೆಕ್ಕ ಹಾಕಬಹುದು ಎಂದು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2011ರಲ್ಲೇ ತೋರಿಸಿದ್ದರು.

ಹಣ ಕೇಳುವ ತಾಣಗಳ ಕಥೆಯೂ ಇಂಥದ್ದೇ. ಅಮೆರಿಕದ ಸ್ಪೋಕಿಯೊ ಎಂಬ ತಾಣ ಥಾಮಸ್ ರಾಬಿನ್ಸ್ ಎಂಬವರ ಬಗ್ಗೆ ಮದುವೆಯಾಗಿದೆ, ಮಕ್ಕಳಿದ್ದಾರೆ, ವಯಸ್ಸು ಐವತ್ತರ ಮೇಲೆ, ಕೆಲಸವಿದೆ, ಸ್ನಾತಕೋತ್ತರ ಪದವಿಯಿದೆ ಎಂದೆಲ್ಲ ಬರೆದುಕೊಂಡಿತ್ತು. ಎಲ್ಲವೂ ಸುಳ್ಳು ಎಂದು ಅವರು ಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2016ರಲ್ಲಿ ತೀರ್ಪು ಬಂತು. 2023ರಲ್ಲಿ ಟ್ರೂತ್‌ಫೈಂಡರ್, ಇನ್‌ಸ್ಟಂಟ್ ಚೆಕ್‌ಮೇಟ್ ಎಂಬ ಇನ್ನೆರಡು ತಾಣಗಳು 58 ಲಕ್ಷ ಡಾಲರ್ ದಂಡ ತೆತ್ತವು. ಬರೀ ಟ್ರಾಫಿಕ್ ದಂಡ ಕಟ್ಟಿದವರ ಮೇಲೂ ಅಪರಾಧದ ದಾಖಲೆ ಇರಬಹುದು ಎಂಬಂತೆ ಬಿಂಬಿಸಿ ಗಿರಾಕಿಗಳನ್ನು ಸೆಳೆಯುತ್ತಿದ್ದವು ಎಂಬುದು ಅವುಗಳ ಮೇಲಿದ್ದ ಆರೋಪ. ಈ ತಾಣಗಳ ಬಂಡವಾಳವೇ ಅಮೆರಿಕದ ಸಾರ್ವಜನಿಕ ದಾಖಲೆಗಳು. ದಾವಣಗೆರೆಯವರ ನಂಬರ್ ಹಾಕಿ, ಪ್ರಗತಿಯ ಪಟ್ಟಿ ತುಂಬುವುದನ್ನು ನೋಡಿ, ಡಾಲರ್ ಕಟ್ಟಿದರೆ ಹಣ ಹೋಗುತ್ತದೆ, ಕ್ರೆಡಿಟ್ ಕಾರ್ಡ್ ವಿವರ ಹೋಗುತ್ತದೆ, ಮಾಹಿತಿ ಬರುವುದಿಲ್ಲ.

ತಪ್ಪು ಗುರುತಿನ ಬೆಲೆ ಹಣಕ್ಕಿಂತ ದೊಡ್ಡದು. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿಯ ನಂತರ, ಎಫ್‌ಬಿಐ ಬಿಡುಗಡೆ ಮಾಡಿದ ಮಸುಕು ಚಿತ್ರವನ್ನು ಹಿಡಿದು ಇಂಟರ್ನೆಟ್‌ನ ಉತ್ಸಾಹಿಗಳು ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಬಾಂಬರ್ ಎಂದು ಸಾರಿದರು. ಆತ ದಾಳಿಗೆ ತಿಂಗಳ ಮೊದಲೇ ಕಾಣೆಯಾಗಿದ್ದ. ಮಗನನ್ನು ಹುಡುಕಲೆಂದು ಮನೆಯವರು ತೆರೆದಿದ್ದ ಫೇಸ್‌ಬುಕ್ ಪುಟಕ್ಕೆ ನಿಂದನೆಗಳ ಮಳೆ ಸುರಿಯಿತು. ಕೆಲವೇ ದಿನಗಳಲ್ಲಿ ಅವನ ಶವ ಪತ್ತೆಯಾಯಿತು. ದಾಳಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ನಮ್ಮಲ್ಲಿ ನಂಬರ್‌ಗಳು ಕೈ ಬದಲಿಸುವುದೂ ಗೊಂದಲಕ್ಕೆ ದಾರಿ. ಬಳಕೆ ನಿಂತ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಲುಕಪ್ ಆ್ಯಪ್‌ನಲ್ಲಿ ಮಾತ್ರ ಹಳೆಯ ಮಾಲೀಕನ ಹೆಸರೇ ಉಳಿದಿರಬಹುದು. ಸಾಲ ತೀರಿಸದೆ ಹಳೆಯವನು ಬಿಟ್ಟುಹೋದ ನಂಬರಿನ ಸಿಮ್ ಪಡೆದ ಅಮಾಯಕ ಅವನ ಪಾಲಿನ ಬೈಗುಳ ತಿನ್ನುತ್ತಾನೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಪ್ರಕಟವಾದವು. ಆದರೆ ಈ ಲೇಖನದ ವಿಷಯಕ್ಕೆ ಮುಖ್ಯವಾದ ಎರಡು ವಿನಾಯಿತಿಗಳು ಕಾಯ್ದೆಯಲ್ಲಿವೆ. ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಇದು ಅನ್ವಯಿಸುವುದಿಲ್ಲ. ಯಾರಾದರೂ ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಬಳಸುವ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ಎಲ್ಲರಿಗೂ ಕಾಣುವಂತೆ ನಾವೇ ಹಾಕಿದ ಫೋಟೋ, ಗೆಳೆಯರು ಉಳಿಸಿಕೊಂಡ ನಮ್ಮ ನಂಬರ್ ಈ ಬೇಲಿಯ ಆಚೆಗಿವೆ. ರಿವರ್ಸ್ ಲುಕಪ್‌ನ ಮೇವಿನಲ್ಲಿ ಇವೆರಡೂ ಸೇರಿವೆ. ಈ ಸಡಿಲವನ್ನು ಸರ್ಕಾರ ಬಿಗಿಗೊಳಿಸಲೇಬೇಕು.

ಅಲ್ಲಿಯವರೆಗೆ ಓದುಗರು ತಾವೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ವಾಟ್ಸ್‌ಆ್ಯಪ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಪ್ರೊಫೈಲ್ ಫೋಟೋವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಸೀಮಿತಗೊಳಿಸಿ. ಫೇಸ್‌ಬುಕ್‌ನಲ್ಲಿ ಫೋನ್ ನಂಬರ್, ಇಮೇಲ್ ಮೂಲಕ ನಿಮ್ಮನ್ನು ಯಾರು ಹುಡುಕಬಹುದು ಎಂಬಲ್ಲಿ ‘ಓನ್ಲಿ ಮಿ’ ಎಂದು ಆರಿಸಿ. ಟೆಲಿಗ್ರಾಂನಲ್ಲಿ ಮೊದಲು ನಂಬರ್ ಯಾರಿಗೂ ಕಾಣದಂತೆ ಮಾಡಿ, ಆಗ ತೆರೆದುಕೊಳ್ಳುವ ‘ನಂಬರ್ ಮೂಲಕ ಯಾರು ಹುಡುಕಬಹುದು’ ಎಂಬ ಆಯ್ಕೆಯನ್ನೂ ಬಿಗಿ ಮಾಡಿ. 2019ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನಾಕಾರರು ತಮ್ಮನ್ನು ಪೊಲೀಸರು ನಂಬರ್ ಹಿಡಿದೇ ಪತ್ತೆ ಹಚ್ಚಬಹುದೆಂದು ಕೂಗೆಬ್ಬಿಸಿದ ಮೇಲೆ ಬಂದ ಸೌಲಭ್ಯವಿದು. ಟ್ರೂಕಾಲರ್ ಬಳಸದವರೂ ಅದರ ಜಾಲತಾಣದಲ್ಲಿ ತಮ್ಮ ನಂಬರ್ ತೆಗೆಸಿಹಾಕಬಹುದು. ಬ್ಯಾಂಕಿಗೊಂದು, ಸಾಮಾಜಿಕ ಜಾಲತಾಣಕ್ಕೊಂದು ಬೇರೆ ಇಮೇಲ್ ಇಟ್ಟುಕೊಳ್ಳಿ. ಹೊಸ ಆ್ಯಪ್ ಫೋನ್‌ಬುಕ್ ಕೇಳಿದಾಗ ‘ಬೇಡ’ ಎನ್ನಿ. ಹಾಗೆ ಹೇಳಿದರೆ ನಿಮ್ಮ ಜೊತೆಗೆ ನಿಮ್ಮ ಫೋನಿನಲ್ಲಿರುವವರೆಲ್ಲ ಉಳಿದುಕೊಳ್ಳುತ್ತಾರೆ.

ಯಾರಾದರೂ ಹೆಣ್ಣುಮಗಳ ಖಾತೆಗಳನ್ನು ಹೀಗೆ ಹುಡುಕಿ ಬೆನ್ನು ಬಿದ್ದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಟ್ಟರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಅಡಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಬಂದ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹತ್ತಿರದ ಸೈಬರ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ.